ಜೇಬಿನ ಎರಡು ಕ್ಯಾಮೆರಾಗಳು: ಒಂದು ತುಲನೆ

ಕ್ಯಾಮೆರಾ ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಮಾತು “ಇದು ಎಷ್ಟು ಮೆಗಾಪಿಕ್ಸೆಲ್?” ಎಂಬುದು. ಹೋದ ವರ್ಷದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಯಂತ್ರವಿದ್ಯೆಯಲ್ಲಿ ವಿಶೇಷ ಪರಿಶ್ರಮವಿಲ್ಲ. ಆದರೂ ಅಧ್ಯಯನ ಪ್ರವಾಸವೊಂದರಲ್ಲಿ ಎರಡು ಕ್ಯಾಮೆರಾಗಳು ನನ್ನ ಕೈಗೆ ಬಂದು, ಅವುಗಳಿಂದ ಒಂದು ಒಳ್ಳೆಯ ಕೆಲಸವೂ ಒಂದು ತಪ್ಪೂ ನಡೆದುಹೋದುದರಿಂದ, ಈ ವಿಷಯವನ್ನು ಕುಳಿತು ಓದಿ ತಿಳಿಯಬೇಕಾಯಿತು. ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಮೊದಲು ಆ ಎರಡು ಯಂತ್ರಗಳ ಪರಿಚಯ. ಒಂದು, ನಮ್ಮ ವಿಭಾಗದ ಬೀರುವಿನಲ್ಲಿದ್ದ ಕ್ಯಾನನ್ ಪವರ್‌ಷಾಟ್ ಎಸ್ ೯೫. ಅದು ೨೦೧೦ರಲ್ಲಿ ಹೊರಬಂದದ್ದು. ಇನ್ನೊಂದು, ಸಹಪಾಠಿಯೊಬ್ಬನ ಅಣ್ಣನಿಂದ ಎರವಲು ತಂದ ಸೋನಿ ಆರ್‌ಎಕ್ಸ್ ೧೦೦, ಅದು ೨೦೧೨ರದು. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲನೆಯದರ ಬೆಲೆ ಸುಮಾರು ೪೦೦ ಡಾಲರು, ಎರಡನೆಯದರದು ಸುಮಾರು ೬೫೦. ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಉದ್ದ ಎರಡರದೂ ಸುಮಾರು ೧೦ ಸೆಂಟಿಮೀಟರು, ಎತ್ತರ ೬ ಸೆಂಟಿಮೀಟರಿಗೆ ತುಸು ಕಡಿಮೆ. ದಪ್ಪದಲ್ಲಿ ಮಾತ್ರ ಸೋನಿ ಅರ್ಧ ಸೆಂಟಿಮೀಟರಿನಷ್ಟು ಹೆಚ್ಚು. ಎರಡೂ ಅಂಗಿಯ ಜೇಬಿನಲ್ಲಿ ಹಿಡಿಸುತ್ತವೆ. ಮಸೂರದ ವ್ಯಾಪ್ತಿಯೂ ಬಹುಮಟ್ಟಿಗೆ ಒಂದೇ: ಹಳೆಯ ೩೫ ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ ಒಂದರದು ೨೮ರಿಂದ ೧೦೫, ಇನ್ನೊಂದರದು ೨೮ರಿಂದ ೧೦೦.

ವ್ಯತ್ಯಾಸವಿರುವುದು ಹೊರಗೆ ಕಾಣದ ಒಂದು ಬಿಲ್ಲೆಯಲ್ಲಿ. ಫಿಲ್ಮಿದ್ದ ಕಾಲದಲ್ಲಿ ಫಿಲ್ಮು ಮಾಡುತ್ತಿದ್ದ ಕೆಲಸವನ್ನು ಈಗ ಮಸೂರದ ಹಿಂದಿರುವ ಸಿಲಿಕಾನ್ ಬಿಲ್ಲೆಯೊಂದು ಮಾಡುತ್ತದೆ. ಅದಕ್ಕೆ ಸಂವೇದಕ, ರೂಢಿಯಲ್ಲಿ ಸೆನ್ಸರ್, ಎನ್ನುತ್ತಾರೆ. ಬೆಳಕು ಸಿಲಿಕಾನಿನ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವನ್ನು ಪುಟ್ಟ ಪುಟ್ಟ ಕೋಶಗಳಲ್ಲಿ ಕೂಡಿಟ್ಟು ಎಣಿಸಿದರೆ ಚಿತ್ರ ಸಿದ್ಧ. ಆ ಒಂದೊಂದು ಕೋಶವೇ ಪಿಕ್ಸೆಲ್. ಹೀಗೆ ಕೂಡಿಟ್ಟ ವಿದ್ಯುತ್ತನ್ನು ಕೋಶದಿಂದ ಕೋಶಕ್ಕೆ ದಾಟಿಸಿ ಓದುವ ಉಪಾಯವನ್ನು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ೨೦೦೯ರ ಭೌತವಿಜ್ಞಾನದ ನೊಬೆಲ್ ಬಹುಮಾನದ ಅರ್ಧ ಭಾಗ ಅವರಿಬ್ಬರಿಗೆ ಸಂದಿತು.

ಕ್ಯಾನನ್‌ನ ಸಂವೇದಕದ ಅಳತೆ ೭.೪೪ × ೫.೫೮ ಮಿಲಿಮೀಟರು, ಎಂದರೆ ಸುಮಾರು ೪೧.೫ ಚದರ ಮಿಲಿಮೀಟರು. ಸೋನಿಯದು ೧೩.೨ × ೮.೮ ಮಿಲಿಮೀಟರು, ಸುಮಾರು ೧೧೬ ಚದರ ಮಿಲಿಮೀಟರು. ಎರಡನೆಯದು ಮೊದಲನೆಯದರ ೨.೮ ಪಟ್ಟು ಎಂದಾಯಿತು. ಮಾರುಕಟ್ಟೆಯಲ್ಲಿ ಇವನ್ನು ‘೧/೧.೭ ಇಂಚು’, ‘೧ ಇಂಚು’ ಎಂದು ಕರೆಯುತ್ತಾರೆ. ಈ ಹೆಸರನ್ನು ನಂಬಿ ಅಳತೆಪಟ್ಟಿ ಹಿಡಿದವನು ಮೋಸಹೋಗುತ್ತಾನೆ. ೧ ಇಂಚಿನದೆಂಬ ಸಂವೇದಕದ ಮೂಲೆಯಿಂದ ಮೂಲೆಗೆ ಇರುವುದು ಸುಮಾರು ೧೬ ಮಿಲಿಮೀಟರು, ಇಂಚಿಗಾದರೋ ೨೫.೪ ಮಿಲಿಮೀಟರು. ಹಿಂದೆ ಟೆಲಿವಿಷನ್ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆಗಳಿದ್ದ ಕಾಲದಲ್ಲಿ ಕೊಳವೆಯ ಹೊರಸುತ್ತಿನ ವ್ಯಾಸವನ್ನು ಹೇಳುವ ವಾಡಿಕೆಯಿತ್ತು. ಕೊಳವೆ ಹೋಯಿತು, ಲೆಕ್ಕ ಉಳಿಯಿತು. ಆದ್ದರಿಂದ ಇಂಚನ್ನು ಬಿಟ್ಟು ಮಿಲಿಮೀಟರನ್ನೇ ಕೇಳುವುದು ಲೇಸು.

ಸಂವೇದಕ ದೊಡ್ಡದಾದರೆ ಆಗುವ ಲಾಭವೇನು? ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಪರಾತವನ್ನೂ ಇಟ್ಟೆವೆನ್ನೋಣ. ಮಳೆ ಎರಡರ ಮೇಲೂ ಒಂದೇ ಸಮನಾಗಿ ಸುರಿಯುತ್ತದೆ. ಬಾಯಿ ಅಗಲವಾದ ಪಾತ್ರೆಗೆ ಹೆಚ್ಚು ನೀರು ಬೀಳುತ್ತದೆ. ಬೆಳಕೂ ಹನಿಹನಿಯಾಗಿಯೇ ಬರುವಂಥದು. ಆ ಹನಿಗೆ ಫೋಟಾನ್ ಎಂದು ಹೆಸರು. ಹನಿಗಳು ಕ್ರಮವಾಗಿ ಬೀಳುವುದಿಲ್ಲ, ಏರುಪೇರಿರುತ್ತದೆ. ೧೦೦ ಹನಿ ಬೀಳಬೇಕಾದಲ್ಲಿ ಸುಮಾರು ೧೦ರಷ್ಟು ಹೆಚ್ಚುಕಡಿಮೆಯಾಗುತ್ತದೆ. ೧೦,೦೦೦ ಬೀಳಬೇಕಾದಲ್ಲಿ ೧೦೦ರಷ್ಟು. ಮೊದಲನೆಯದು ನೂರಕ್ಕೆ ಹತ್ತರ ತಪ್ಪು, ಎರಡನೆಯದು ನೂರಕ್ಕೆ ಒಂದರ ತಪ್ಪು. ಮಬ್ಬುಬೆಳಕಿನ ಚಿತ್ರಗಳಲ್ಲಿ ರವೆ ಚೆಲ್ಲಿದಂತೆ ಕಾಣುವ ಕಣಕಣವಾದ ದೋಷ ಮುಖ್ಯವಾಗಿ ಈ ಏರುಪೇರೇ. ಆದ್ದರಿಂದ ೨.೮ ಪಟ್ಟು ಬೆಳಕು ದೊರೆತರೆ ಚಿತ್ರದ ಶುದ್ಧಿ ೨.೮ರ ವರ್ಗಮೂಲದಷ್ಟು, ಎಂದರೆ ಸುಮಾರು ೧.೭ ಪಟ್ಟು, ಹೆಚ್ಚುತ್ತದೆ.

ಐಎಸ್‌ಓ ಸಂಖ್ಯೆಯನ್ನು ಏರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಐಎಸ್‌ಓ ಏರಿಸುವುದೆಂದರೆ ಬಿದ್ದಷ್ಟೇ ಬೆಳಕನ್ನು ಹಿಗ್ಗಿಸಿ ತೋರಿಸುವುದು. ಅದರಿಂದ ಒಂದು ಹನಿಯೂ ಹೆಚ್ಚಾಗಿ ಬೀಳುವುದಿಲ್ಲ. ಮೆಗಾಪಿಕ್ಸೆಲ್ ಮಾತೂ ಹೀಗೆಯೇ. ಕ್ಯಾನನ್‌ನಲ್ಲಿ ೧ ಕೋಟಿ ಪಿಕ್ಸೆಲ್, ಸೋನಿಯಲ್ಲಿ ೨ ಕೋಟಿ ೨ ಲಕ್ಷ. ಪಾತ್ರೆಯೊಳಗೆ ಎಷ್ಟು ಅಡ್ಡಗೋಡೆ ಹಾಕಿದರೂ ಅದರ ಬಾಯಿ ಅಗಲವಾಗುವುದಿಲ್ಲವಷ್ಟೆ. ಆದರೆ ಒಂದು ಮಾತು: ಎರಡು ಯಂತ್ರಗಳ ನಡುವೆ ಎರಡು ವರ್ಷಗಳ ಅಂತರವಿದೆ, ಮೊದಲನೆಯದರ ಸಂವೇದಕ ಸಿಸಿಡಿ ಜಾತಿಯದು, ಎರಡನೆಯದು ಸಿಮಾಸ್ ಜಾತಿಯದು. ಆದಕಾರಣ ಎಲ್ಲ ವ್ಯತ್ಯಾಸವನ್ನೂ ಅಳತೆಯ ತಲೆಗೇ ಕಟ್ಟುವುದು ನ್ಯಾಯವಲ್ಲ.

ಇನ್ನು ಪ್ರವಾಸದ ಸಂಗತಿ. ಕಳೆದ ನವೆಂಬರಿನಲ್ಲಿ ನಮ್ಮ ಅಧ್ಯಾಪಕರು ನಮ್ಮನ್ನು ತಾಲ್ಲೂಕಿನ ಒಂದು ಹಳ್ಳಿಯ ಹಳೆಯ ದೇವಾಲಯಕ್ಕೆ ಕರೆದೊಯ್ದರು. ನವರಂಗದ ಕಂಬವೊಂದರ ಮೇಲೆ ಸವೆದ ಶಾಸನವಿದೆ. ಒಳಗೆ ಕತ್ತಲೆ, ಅರ್ಚಕರು ಫ್ಲಾಷ್ ಬೇಡವೆಂದರು. ಶಾಸನವೇ ನಮ್ಮ ಪ್ರವಾಸದ ಮುಖ್ಯ ಉದ್ದೇಶವಾದ್ದರಿಂದ ಉತ್ತಮವಾದ ಸೋನಿ ಕ್ಯಾಮೆರಾವನ್ನು ಶಾಸನಕ್ಕೂ, ಕ್ಯಾನನ್ನನ್ನು ‘ಉಳಿದ ಚಿಲ್ಲರೆ ಚಿತ್ರಗಳಿಗೂ’ ಎಂದು ನಾನೇ ಹಂಚಿಕೊಟ್ಟೆ. ಈ ಹಂಚಿಕೆಯೇ ನನ್ನ ತಪ್ಪು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಸೋನಿಯನ್ನು ಕೈಯಲ್ಲಿ ಹಿಡಿದು, ಮಸೂರವನ್ನು ಎಫ್ ೧.೮ಕ್ಕೆ ಪೂರ್ತಿ ತೆರೆದು, ಐಎಸ್‌ಓ ೧೬೦೦ರಲ್ಲಿ ಸೆಕೆಂಡಿನ ೧/೨೦ ಭಾಗದ ಕಾಲ ಬೆಳಕುಕೊಟ್ಟು ತೆಗೆದ ಚಿತ್ರದಲ್ಲಿ ಸಾಲುಗಳು ಕಂಡವು. ಆದರೆ ಮೂರನೆಯ ಸಾಲಿನ ಒಂದು ಅಕ್ಷರ ಪಕಾರವೋ ವಕಾರವೋ ತಿಳಿಯಲಿಲ್ಲ. ಆಗ ಅಧ್ಯಾಪಕರು ಕ್ಯಾನನ್ನನ್ನು ಈಸಿಕೊಂಡು, ಕಂಬದ ಮುಂದೆ ನಾಲ್ಕು ಇಟ್ಟಿಗೆ ಜೋಡಿಸಿ ಅದರ ಮೇಲಿಟ್ಟರು. ಐಎಸ್‌ಓ ೮೦, ಎಫ್ ೨.೮, ಎರಡೂವರೆ ಸೆಕೆಂಡು. ಗುಂಡಿ ಒತ್ತಿದ ಬೆರಳಿನಿಂದ ಅಲುಗಾಟವಾಗದಂತೆ ಎರಡು ಸೆಕೆಂಡು ತಡೆದು ತೆಗೆಯುವ ಏರ್ಪಾಡನ್ನೂ ಬಳಸಿದರು. ಈ ಚಿತ್ರ ಸೋನಿಯದಕ್ಕಿಂತ ಎಷ್ಟೋ ಶುದ್ಧವಾಗಿತ್ತು. ಚಿಕ್ಕ ಸಂವೇದಕ ದೊಡ್ಡದನ್ನು ಗೆದ್ದದ್ದು ಹೇಗೆಂದು ಊರಿಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ. ಕೂಡಿಬಂದ ಒಟ್ಟು ಬೆಳಕು ಸಂವೇದಕದ ವಿಸ್ತೀರ್ಣವನ್ನು ಕಾಲದಿಂದ ಗುಣಿಸಿ ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿದಷ್ಟು. ಸೋನಿಗೆ ಬಂದದ್ದು ೧.೮ ಪಾಲು, ಕ್ಯಾನನ್‌ಗೆ ಬಂದದ್ದು ೧೩ ಪಾಲು. ಲೋಟವನ್ನೇ ಬಹಳ ಹೊತ್ತು ಮಳೆಯಲ್ಲಿಟ್ಟರೆ ಸ್ವಲ್ಪ ಹೊತ್ತು ಇಟ್ಟ ಪರಾತಕ್ಕಿಂತ ಹೆಚ್ಚು ನೀರು ಕೂಡುತ್ತದೆಂಬುದು ಯಾರಿಗಾದರೂ ತಿಳಿದದ್ದೇ. ಆದರೆ ಕ್ಯಾಮೆರಾದ ಮಾತಿನಲ್ಲಿ ಅದು ನನಗೆ ಹೊಳೆದಿರಲಿಲ್ಲ.

ಇಷ್ಟಾದರೂ ಅಕ್ಷರ ಪೂರ್ತಿ ತಿಳಿದದ್ದು ಮತ್ತೊಂದು ಉಪಾಯದಿಂದ. ಗೆಳೆಯನೊಬ್ಬ ಟಾರ್ಚನ್ನು ಕಂಬದ ಬದಿಗೆ ತಂದು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿದ. ಕೆತ್ತನೆಯ ತಗ್ಗುಗಳಲ್ಲಿ ನೆರಳು ನಿಂತು ಅದು ವಕಾರವೆಂದು ಕಣ್ಣಿಗೇ ಕಂಡಿತು. ಕ್ಯಾಮೆರಾ ಯಾವುದಾದರೂ ಬೆಳಕಿನ ದಿಕ್ಕು ಅದಕ್ಕಿಂತ ದೊಡ್ಡದು.

ಚಿಕ್ಕ ಸಂವೇದಕಕ್ಕೆ ಇನ್ನೊಂದು ಅನುಕೂಲವೂ ಉಂಟು. ಒಂದೇ ಎಫ್ ಸಂಖ್ಯೆಯಲ್ಲಿ ಒಂದೇ ನೋಟವನ್ನು ತೆಗೆದರೆ ಚಿಕ್ಕದರಲ್ಲಿ ಮುಂದಿನದೂ ಹಿಂದಿನದೂ ಹೆಚ್ಚು ಆಳದವರೆಗೆ ಸ್ಪಷ್ಟವಾಗಿರುತ್ತದೆ. ಕ್ಯಾನನ್‌ನ ಎಫ್ ೨.೮ ಈ ವಿಷಯದಲ್ಲಿ ಸೋನಿಯ ಎಫ್ ೪.೮ಕ್ಕೆ ಸಮ. ದುಂಡು ಕಂಬ, ಉಬ್ಬಿದ ಹಳೆಯ ಪುಸ್ತಕದ ಹಾಳೆ ಮುಂತಾದವನ್ನು ಹತ್ತಿರದಿಂದ ತೆಗೆಯುವಾಗ ಇದು ಉಪಕಾರಿ. ಅಷ್ಟೇ ಆಳ ಬೇಕೆಂದು ಸೋನಿಯ ಕಂಡಿಯನ್ನು ಕಿರಿದು ಮಾಡಿದರೆ ಅದರ ಹೆಚ್ಚಿನ ಬೆಳಕೂ ಅಲ್ಲಿಗೆ ಕಳೆದುಹೋಗುತ್ತದೆ. ದೊಡ್ಡ ಸಂವೇದಕ ಕೊಡುವ ಲಾಭಕ್ಕೆ ಬೆಲೆಯನ್ನೂ ಕೇಳುತ್ತದೆಂಬುದನ್ನು ಮರೆಯಬಾರದು.

ಈಗ ನನ್ನ ತಪ್ಪಿನ ವಿಚಾರ. ದೇವಾಲಯದ ಎದುರು ಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಎಷ್ಟೋ ವರ್ಷಗಳಿಂದ ಆ ಗುಡಿಯ ಅಂಗಳ ಗುಡಿಸಿ ರಂಗೋಲಿ ಹಾಕುತ್ತಿದ್ದವರು. ನಮಗೆ ಮಜ್ಜಿಗೆ ಕೊಟ್ಟರು. ಆ ಕಂಬದ ಬಗ್ಗೆ ತಮ್ಮ ಅತ್ತೆ ಹೇಳುತ್ತಿದ್ದ ಕಥೆಯನ್ನೂ ಹೇಳಿದರು. ಹೊತ್ತು ಮುಳುಗುವ ವೇಳೆಗೆ ಜಗಲಿಯಲ್ಲಿ ಕುಳಿತ ಅವರ ಚಿತ್ರವನ್ನು ನಾನು ಕ್ಯಾನನ್‌ನಲ್ಲಿ ತೆಗೆದೆ. ಕುಳಿತಲ್ಲಿಂದಲೇ ಮಸೂರವನ್ನು ಕೊನೆಯವರೆಗೆ ಚಾಚಿ ಮುಖವನ್ನು ಹತ್ತಿರಕ್ಕೆ ತಂದೆ. ಒಂದೇ ಚಿತ್ರ. ಅಜ್ಜಿ ನಕ್ಕು, “ಏನ್ ಮಗಾ, ಕಲ್ಲಿಗೆ ಬೆಳಗಿಂದ ಕೂತಿದ್ರಿ, ನಂಗೆ ಒಂದೇ ಸಲನಾ?” ಎಂದರು. ನಾನು ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ನೋಡಿ, “ಸಾಕಜ್ಜಿ, ಚೆನ್ನಾಗಿ ಬಂದಿದೆ” ಎಂದೆ.

ಚೆನ್ನಾಗಿ ಬಂದಿರಲಿಲ್ಲ. ಮಸೂರವನ್ನು ಚಾಚಿದಾಗ ಅದರ ಬೆಳಕಿನ ಕಂಡಿ ಎಫ್ ೨ರಿಂದ ಎಫ್ ೪.೯ಕ್ಕೆ ಇಳಿಯುತ್ತದೆ, ಎಂದರೆ ಬೆಳಕು ಆರರಲ್ಲೊಂದು ಪಾಲಾಗುತ್ತದೆ. ಅದನ್ನು ತುಂಬಲು ಯಂತ್ರ ತಾನಾಗಿಯೇ ಸೆಕೆಂಡಿನ ೧/೮ ಭಾಗದಷ್ಟು ಕಾಲವನ್ನೂ ಐಎಸ್‌ಓ ೧೬೦೦ನ್ನೂ ಆರಿಸಿಕೊಂಡಿತ್ತು. ಕೈನಡುಕವನ್ನು ತಡೆಯುವ ಏರ್ಪಾಡು ಎರಡು ಕ್ಯಾಮೆರಾಗಳಲ್ಲೂ ಉಂಟು. ಮಾತನಾಡುತ್ತ ನಗುತ್ತಿರುವವರ ಮುಖ ಅಲುಗುವುದನ್ನು ಅದು ತಡೆಯಲಾರದು. ಗಣಕದ ಪರದೆಯಲ್ಲಿ ನೋಡಿದಾಗ ಬಾಯಿಯೂ ಕಣ್ಣೂ ಒರೆಸಿಹೋದಂತಿದ್ದವು. ಅದೇ ಕ್ಷಣದಲ್ಲಿ ಸೋನಿಯನ್ನು ಹಿಡಿದು, ಎರಡು ಹೆಜ್ಜೆ ಮುಂದೆ ಹೋಗಿ, ಮಸೂರವನ್ನು ಚಾಚದೆ ಎಫ್ ೧.೮ರಲ್ಲಿ ತೆಗೆದಿದ್ದರೆ, ಮುಖದ ಬದಲು ಅರ್ಧ ದೇಹ ಬಂದರೂ, ಅಷ್ಟೇ ಐಎಸ್‌ಓದಲ್ಲಿ ಸೆಕೆಂಡಿನ ೧/೬೦ ಭಾಗ ಸಾಕಾಗುತ್ತಿತ್ತು. ಕ್ಯಾನನ್‌ನಲ್ಲೇ ಹಾಗೆ ಮಾಡಿದ್ದರೂ ೧/೫೦ ಭಾಗಕ್ಕೆ ಬರುತ್ತಿತ್ತು. ಕಣಗಳು ಹೆಚ್ಚಿರುತ್ತಿದ್ದವು, ಮುಖ ಉಳಿಯುತ್ತಿತ್ತು. ಯಂತ್ರದ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ.

ಫೆಬ್ರವರಿಯಲ್ಲಿ ಶಾಸನದ ಉಳಿದ ಸಾಲುಗಳಿಗಾಗಿ ಪುನಃ ಹೋದೆವು. ಜಗಲಿ ಖಾಲಿಯಿತ್ತು. ಸಂಕ್ರಾಂತಿಯ ಹಿಂದಿನ ವಾರ ಅಜ್ಜಿ ತೀರಿಕೊಂಡರಂತೆ. ಅವರ ಮೊಮ್ಮಗ ಬಂದು, “ಅಣ್ಣಾ, ಅವತ್ತು ಅಜ್ಜಿ ಫೋಟೋ ತೆಗೆದಿದ್ರಲ್ಲ, ಕೊಡ್ತೀರಾ? ಆಧಾರ್ ಕಾರ್ಡಿನದು ಬಿಟ್ರೆ ನಮ್ಮತ್ರ ಯಾವ್ದೂ ಇಲ್ಲ” ಎಂದ. ಇದ್ದುದನ್ನೇ ಮುದ್ರಿಸಿ ಕಳುಹಿಸಿದೆ. ಅವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾರೆಂದು ಕೇಳಿದ್ದೇನೆ. ಕಂಬದ ಚಿತ್ರಗಳು ನಮ್ಮಲ್ಲಿ ನಲವತ್ತಕ್ಕೂ ಹೆಚ್ಚಿವೆ. ಬೇಕಾದರೆ ನಾಳೆಯೂ ಹೋಗಿ ತೆಗೆಯಬಹುದು.

ಈ ತುಲನೆಯಿಂದ ನಾನು ಕಲಿತದ್ದು ಇಷ್ಟು. ಹಗಲಿನ ಬಯಲಿನಲ್ಲಿ ಎರಡು ಕ್ಯಾಮೆರಾಗಳ ಚಿತ್ರಗಳಿಗೆ, ಅಂಚೆಕಾರ್ಡಿನಷ್ಟು ದೊಡ್ಡದಾಗಿ ಮುದ್ರಿಸಿದರೆ, ಹೇಳಿಕೊಳ್ಳುವಂಥ ಭೇದವಿಲ್ಲ. ಮಬ್ಬಿನಲ್ಲಿ ದೊಡ್ಡ ಸಂವೇದಕ ನಮಗೆ ಕೊಡುವುದು ಮುಖ್ಯವಾಗಿ ಸಮಯದ ಉಳಿತಾಯವನ್ನು. ಕಲ್ಲು, ಕಟ್ಟಡ, ಓಲೆಗರಿ ಮುಂತಾಗಿ ಅಲುಗದ ವಸ್ತುಗಳಿಗೆ ಆ ಉಳಿತಾಯ ಬೇಕಿಲ್ಲ. ನಾಲ್ಕು ಇಟ್ಟಿಗೆಯೂ ಸ್ವಲ್ಪ ತಾಳ್ಮೆಯೂ ಇದ್ದರೆ ಚಿಕ್ಕ ಕ್ಯಾಮೆರಾ ಸಾಕು. ಜೀವವಿರುವುದಕ್ಕೆ, ಮಗುವಿಗೆ, ಕುಣಿತಕ್ಕೆ, ಸಂಜೆಯ ಜಗಲಿಯಲ್ಲಿ ಕುಳಿತ ಮುದುಕರಿಗೆ, ಅದು ಬೇಕು. ೨೦೨೨ರಲ್ಲಿ ಶಿಯೋಮಿ ಕಂಪನಿ ತನ್ನ ೧೨ಎಸ್ ಅಲ್ಟ್ರಾ ಎಂಬ ಫೋನಿನಲ್ಲೇ ೧ ಇಂಚಿನ ಸಂವೇದಕವನ್ನಿಟ್ಟಿತು. ಇಂದಿನ ಫೋನುಗಳು ಹಲವು ಚಿತ್ರಗಳನ್ನು ಸರಸರನೆ ತೆಗೆದು ಒಂದಾಗಿ ಬೆಸೆದು ಬೆಳಕಿನ ಕೊರತೆಯನ್ನು ನೀಗಿಸಿಕೊಳ್ಳುತ್ತವೆ. ಆದರೂ ಮೇಲಿನ ಲೆಕ್ಕ ಅವಕ್ಕೂ ತಪ್ಪಿದ್ದಲ್ಲ.

ಮುಂದಿನ ವರ್ಷ ಪ್ರವಾಸಕ್ಕೆ ಹೋಗುವ ಕಿರಿಯ ಮಿತ್ರರಲ್ಲಿ ನನ್ನ ವಿನಂತಿ: ಇರುವ ಕ್ಯಾಮೆರಾಗಳಲ್ಲಿ ಚಿಕ್ಕ ಸಂವೇದಕದ್ದನ್ನು ಶಾಸನದ ಮುಂದೆ ಇಟ್ಟಿಗೆಯ ಮೇಲಿಡಿ, ದೊಡ್ಡದನ್ನು ಊರಿನ ಜನರಿಗಾಗಿ ಕೈಯಲ್ಲಿಟ್ಟುಕೊಳ್ಳಿ. ಹತ್ತಿರ ಹೋಗಿ, ಮಸೂರವನ್ನು ಚಾಚಬೇಡಿ. ತೆಗೆದ ಚಿತ್ರವನ್ನು ಅಲ್ಲಿಯೇ ಹಿಗ್ಗಿಸಿ ನೋಡಿ. ಒಂದೇ ಸಲಕ್ಕೆ ಸಾಕೆನ್ನಬೇಡಿ.