ಪದ ಪರಿಚಯ: ಪೋಸ್ಟ್ ಹಾಕ್ ಎರ್ಗೊ ಪ್ರಾಪ್ಟರ್ ಹಾಕ್



ಇಂಗ್ಲಿಷ್ ಪುಸ್ತಕ, ಪತ್ರಿಕೆಗಳಲ್ಲಿ ನಡುನಡುವೆ ಲ್ಯಾಟಿನ್ ಮಾತುಗಳು ಬರುತ್ತವೆ. ಅವುಗಳಲ್ಲಿ ಇದೂ ಒಂದು. ಕೇಳಲು ಮಂತ್ರದ ಹಾಗಿದೆ, ಅಲ್ವಾ? ಬಿಡಿಸಿದರೆ ಬಹಳ ಸುಲಭ.

ಪೋಸ್ಟ್ = ನಂತರ (ಗಡಿಯಾರದ ಪಿ.ಎಂ. ಎಂದರೆ ‘ಪೋಸ್ಟ್ ಮೆರಿಡಿಯಮ್’, ಮಧ್ಯಾಹ್ನದ ನಂತರ. ಪೋಸ್ಟ್ ಆಫೀಸಿನ ಪೋಸ್ಟ್ ಬೇರೆ)
ಹಾಕ್ = ಇದು (‘ಅಡ್‌ಹಾಕ್ ಸಮಿತಿ’ಯಲ್ಲಿರುವುದೂ ಇದೇ)
ಎರ್ಗೊ = ಆದ್ದರಿಂದ (ಗಣಿತದಲ್ಲಿ ನಾವು ಹಾಕುವ ಮೂರು ಚುಕ್ಕೆ)
ಪ್ರಾಪ್ಟರ್ = ಕಾರಣದಿಂದ

ಪೂರ್ತಿ ಅರ್ಥ: ‘ಇದರ ನಂತರ ಆಯಿತು, ಆದ್ದರಿಂದ ಇದರಿಂದಲೇ ಆಯಿತು.’ ತರ್ಕಶಾಸ್ತ್ರದಲ್ಲಿ ಇದು ಒಂದು ತಪ್ಪಿನ ಹೆಸರು.

ಬಳಕೆ: ಸಾಮಾನ್ಯವಾಗಿ ‘ಪೋಸ್ಟ್ ಹಾಕ್’ ಎಂದಷ್ಟೇ ಬರೆಯುತ್ತಾರೆ. ‘ದಟ್ ಈಸ್ ಎ ಪೋಸ್ಟ್ ಹಾಕ್ ಆರ್ಗ್ಯುಮೆಂಟ್’ ಅಂದರೆ ‘ನಿನ್ನ ವಾದದಲ್ಲಿ ಈ ತಪ್ಪಿದೆ’ ಎಂದು. ಆದರೆ ‘ಪೋಸ್ಟ್ ಹಾಕ್ ಅನಾಲಿಸಿಸ್’ ತಪ್ಪಲ್ಲ. ಆಮೇಲೆ ಮಾಡಿದ ವಿಶ್ಲೇಷಣೆ, ಅಷ್ಟೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಮಾತಿದೆ: ಕಾಕತಾಳೀಯ. ಕಾಗೆ ತಾಳೆಮರದಲ್ಲಿ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ಅದು ಆಕಸ್ಮಿಕ. ‘ಕಾಗೆಯೇ ಬೀಳಿಸಿತು’ ಎಂದು ತೀರ್ಮಾನಿಸಿದರೆ ಅದು ಪೋಸ್ಟ್ ಹಾಕ್.

2019ರ ಜೂನ್ 8ರಂದು ಉಡುಪಿಯಲ್ಲಿ ಮಳೆಗಾಗಿ ಕಪ್ಪೆಗಳ ಮದುವೆ ಮಾಡಿದರು. ಕೆಲವೇ ದಿನಗಳಲ್ಲಿ ಮಳೆ ಬಂತು. ಆದರೆ ಮುಂಗಾರು ಕೇರಳ ಮುಟ್ಟಿತೆಂದು ಹವಾಮಾನ ಇಲಾಖೆ ಹೇಳಿದ್ದೂ ಅದೇ ದಿನ! ಮದುವೆ ಮಾಡದ ವರ್ಷವೂ ಜೂನಿನಲ್ಲಿ ನಮಗೆ ಮಳೆ ಬರುತ್ತದೆ.

ಕಪ್ಪೆ ಮದುವೆಯಿಂದ ಯಾರಿಗೂ ನಷ್ಟವಿಲ್ಲ. ಹಾವು ಕಚ್ಚಿದಾಗ ಹಾಗಲ್ಲ. ಎಷ್ಟೋ ಹಾವುಗಳಿಗೆ ವಿಷವೇ ಇಲ್ಲ. ವಿಷದ ಹಾವು ಕಚ್ಚಿದರೂ ಕೆಲವು ಸಲ ವಿಷ ಒಳಗೆ ಇಳಿಯುವುದಿಲ್ಲ. ಆಗ ಮಂತ್ರ ಹಾಕಿಸಿಕೊಂಡವನು ಬದುಕುತ್ತಾನೆ, ಮಂತ್ರಕ್ಕೆ ಹೆಸರು ಬರುತ್ತದೆ. ಬದುಕಿದವರು ಬಂದು ಹೇಳುತ್ತಾರೆ. ಸತ್ತವರು ಹೇಳಲು ಬರುವುದಿಲ್ಲ. ಕಟ್ಟುಹಾವು ಕಚ್ಚಿದರೆ ನೋವು, ಊತ ಹೆಚ್ಚಾಗಿ ಕಾಣುವುದೇ ಇಲ್ಲ. ‘ಹೋದ ಸಲ ವಾಸಿಯಾಗಿತ್ತಲ್ಲ’ ಎಂದು ಕಾದು ಕೂತರೆ ಜೀವವೇ ಹೋದೀತು. ಪ್ರತಿವಿಷದ ಇಂಜೆಕ್ಷನ್ ಇರುವ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ದೊಡ್ಡವರೂ ಈ ತಪ್ಪು ಮಾಡಿದ್ದಾರೆ. ಇಟಾಲಿಯನ್ ಭಾಷೆಯಲ್ಲಿ ಮಲೇರಿಯಾ ಎಂದರೆ ‘ಕೆಟ್ಟ ಗಾಳಿ’. ಜವುಗು ಜಾಗಕ್ಕೆ ಹೋಗಿಬಂದ ಮೇಲೆ ಜ್ವರ ಬರುತ್ತಿತ್ತು, ಆದ್ದರಿಂದ ಅಲ್ಲಿನ ಗಾಳಿಯೇ ಕಾರಣ ಅಂದ್ಕೊಂಡರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡರು. ಜಾಗ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು! ಹಾಗಾಗಿ ‘ನಂತರ’ ಎಂಬುದು ಒಂದು ಸುಳಿವು ಮಾತ್ರ. ಅದೇ ಸಾಕ್ಷಿ ಅಲ್ಲ.

ಯಾರಾದರೂ ‘ಇದರಿಂದಲೇ ಆಯ್ತು’ ಅಂದರೆ ಮೂರು ಪ್ರಶ್ನೆ ಕೇಳಿ:
1. ಇದು ಇಲ್ಲದಿದ್ದರೂ ಅದು ಆಗುತ್ತಿತ್ತೇ?
2. ಇದು ಇದ್ದೂ ಅದು ಆಗದ ಸಲ ಎಷ್ಟು?
3. ಇದರಿಂದ ಅದು ಹೇಗೆ ಆಗುತ್ತದೆ?

ಅಭ್ಯಾಸ: ಇವುಗಳಲ್ಲಿ ಪೋಸ್ಟ್ ಹಾಕ್ ಯಾವುದು?
ಅ) ಬೆಕ್ಕು ಅಡ್ಡ ಬಂತು, ಬಸ್ಸು ತಪ್ಪಿತು.
ಆ) ಬಾವಿಗೆ ಕ್ಲೋರಿನ್ ಹಾಕಿದರು, ಮನೆಯವರ ಭೇದಿ ನಿಂತಿತು.
ಇ) ಹೊಸ ಪೆನ್ನು ತಂದೆ, ಮಾರ್ಕು ಜಾಸ್ತಿ ಬಂತು.

‘ಆ’ ಬಗ್ಗೆ ಅವಸರ ಮಾಡಬೇಡಿ, ಮೂರೂ ಪ್ರಶ್ನೆ ಹಾಕಿ ನೋಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ.

– 10ನೇ ತರಗತಿ, ಕಾಟಿಪಳ್ಳ