ಸಮಿತಿಗೆ ಆಯ್ಕೆಯಾದ ಮಗಳಿಗೆ

ಓಝರ್

ಪ್ರೀತಿಯ ಮಗಳೇ,

ಬೆಂಗಳೂರಿನ ನಿಮ್ಮ ಸಭೆಯ ಸಮಿತಿಗೆ ನೀನು ಆರಿಸಿಬಂದ ಸುದ್ದಿ ಕೇಳಿ ಮನಸ್ಸು ತುಂಬಿತು. "ದೊಡ್ಡಪ್ಪ, ನನಗೆ ಅಧಿಕಾರ ಬೇಡ, ಸೇವೆ ಸಾಕು" ಎಂದು ಫೋನಿನಲ್ಲಿ ಅಂದೆಯಲ್ಲ, ಆ ಮಾತಿಗಾಗಿ ಈ ಕಾಗದ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನಿಧಾನವಾಗಿ ಓದು. ತಂದೆ ಎಲ್ಲವನ್ನೂ ತನ್ನ ಕೈಗೊಪ್ಪಿಸಿದ್ದಾನೆಂದು ತಿಳಿದೇ ಯೇಸು ಊಟದಿಂದ ಎದ್ದದ್ದು, ಸೊಂಟಕ್ಕೆ ಬಟ್ಟೆ ಸುತ್ತಿ ಬೋಗುಣಿಗೆ ನೀರು ಸುರಿದದ್ದು. ತನ್ನನ್ನು ಹಿಡಿದುಕೊಡಲಿದ್ದ ಯೂದನ ಪಾದವನ್ನೂ ತೊಳೆದ. ಆಮೇಲೆ, ನೀವು ನನ್ನನ್ನು ಗುರುವೆಂದು ಕರೆಯುವುದು ಸರಿಯೇ ಎಂದ. ಕಳಚಿಟ್ಟದ್ದು ಮೇಲಂಗಿಯನ್ನು ಮಾತ್ರ, ಮಗಳೇ. ಅಧಿಕಾರ ಆತನಲ್ಲೇ ಇತ್ತು, ಅದೇ ಬಗ್ಗಿ ಶಿಷ್ಯರ ಕಾಲು ಮುಟ್ಟಿತು.

ಅಂಥ ಅಧಿಕಾರದ ಕಥೆಯೊಂದು ನಮ್ಮ ಹತ್ತಿರದ್ದೇ ಇದೆ. ನಮ್ಮ ಎಚ್‌ಎಎಲ್ ಕಾಲೊನಿಯಿಂದ ನಾಸಿಕ್‌ಗೆ ಹೋದಾಗ ಶರಣಪುರ ರಸ್ತೆ ನೋಡಿದ್ದೀಯ. 19ನೇ ಶತಮಾನದಲ್ಲಿ ಶರಣಪುರ ಚರ್ಚ್ ಮಿಷನರಿ ಸೊಸೈಟಿಯ ಕ್ರೈಸ್ತ ಊರು. ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳು ಅಲ್ಲಿ ಓದು, ಕಸುಬು ಕಲಿತರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್, ಮುಂದೆ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಅವರ ಪಯಣದ ಸಂಗಡಿಗ. 1873ರಲ್ಲಿ ಲಿವಿಂಗ್‌ಸ್ಟನ್ ಮಧ್ಯ ಆಫ್ರಿಕದ ಹಳ್ಳಿಯೊಂದರಲ್ಲಿ ತೀರಿಕೊಂಡಾಗ ಹತ್ತಿರದಲ್ಲಿ ಪಾದ್ರಿಗಳಿರಲಿಲ್ಲ. ಅವರ ಹೃದಯವನ್ನು ಮರದಡಿ ಹೂಳುವಾಗ ಸಂಸ್ಕಾರದ ಪ್ರಾರ್ಥನೆ ಓದಿದವನು, ಮರದ ಮೇಲೆ ಹೆಸರು ಕೆತ್ತಿದವನು ಈ ಹುಡುಗ. ಸಂಗಡಿಗರೆಲ್ಲ ಸೇರಿ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಕಡಲ ತೀರ ಮುಟ್ಟಿಸಿದರು. 1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಜೇಕಬನೂ ಇದ್ದ. ಯಾವ ಬಿಷಪ್ಪರೂ ಅವನಿಗೆ ಪಾದ್ರಿಯ ದೀಕ್ಷೆ ಕೊಟ್ಟಿರಲಿಲ್ಲ. ಆದರೂ ಆ ಮರದಡಿಯಲ್ಲಿ ಸಭೆಯ ಅಧಿಕಾರ ಅವನಿಗೇ ಸೇರಿತ್ತೆಂದು ನಾನು ನಂಬುತ್ತೇನೆ.

ಇನ್ನು ನಿನ್ನ ಸಮಿತಿಯ ವಿಷಯ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸಿಗುತ್ತಿಲ್ಲವೆಂದು ಗೊಣಗಾಟ ಎದ್ದಾಗ, ಅಪೊಸ್ತಲರು ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಜನರಿಗೇ ಬಿಟ್ಟರು. ಆರಿಸಿಬಂದ ಏಳೂ ಹೆಸರು ಗ್ರೀಕ್ ಹೆಸರುಗಳೇ! ಪಾಲು ತಪ್ಪಿದವರ ಕಡೆಯವರ ಕೈಗೇ ಹಂಚುವ ಹಕ್ಕು ಹೋದಂತಾಯಿತು. ಮರಾಠಿ ಸೀಮೆಯಲ್ಲಿ ಕನ್ನಡದವನಾಗಿ ಬಾಳಿದ ನನಗೆ ಈ ಪ್ರಸಂಗ ಓದಿದಾಗಲೆಲ್ಲ ಕಣ್ಣು ತುಂಬುತ್ತದೆ.

ಅದಕ್ಕೇ ಹೇಳುವುದು, ರುಜು ಹಾಕಲು ಹಿಂಜರಿಯಬೇಡ. ಬಡವರ ನಿಧಿಯ ಲೆಕ್ಕ ಕೇಳು, ಹಿರಿಯರು ಮುನಿಸಿಕೊಂಡರೂ ಕೇಳು. "ನಾನು ಬರೀ ಸೇವಕಿ" ಎಂದು ನೀನು ಕೈಚೆಲ್ಲಿದರೆ ಆ ಪಾಲು ಬಾಯಿ ಜೋರಿದ್ದವರಿಗೇ ಸೇರುತ್ತದೆ. ಮುಂದಿನ ಸಮಿತಿಗೆ ಮುಂಚೆ, ಆರಾಧನೆಗೆ ಬರಲಾಗದ ಅಜ್ಜಿಯರ ಮನೆಗಳಿಗೆ ಹೋಗು. ಅವರಿಗೆ ಏನು ತಲುಪಿದೆ, ಏನು ತಲುಪಿಲ್ಲ ಎಂದು ಕೇಳಿ ಬರೆದುಕೊಂಡು ಬಂದು ಸಭಾಪಾಲಕರ ಮುಂದಿಡು.

ನಿನ್ನ ದೊಡ್ಡಪ್ಪ