ಮೊದಲು ನಂಬರ್, ಆಮೇಲೆ ರೊಕ್ಕ: ಲ್ಯಾಪ್‌ಟಾಪ್ ಬ್ಯಾಟರಿ ಖರೀದಿಗೆ ಹನ್ನೆರಡು ಸೂತ್ರಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕೂ ತಾಲೂಕು ಕೇಂದ್ರಗಳೇ, ಆದರೆ ಒಂದಕ್ಕೂ ರೈಲಿಲ್ಲ. ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಬೇಕೆಂದರೆ ಬೆಳಗಾವಿ, ಧಾರವಾಡ ಇಲ್ಲವೇ ಹುಬ್ಬಳ್ಳಿ ಬಸ್ಸು ಹತ್ತಬೇಕು, ಅಥವಾ ಊರಿನ ಅಂಗಡಿಯವರು ಅಲ್ಲಿಂದ ತರಿಸಿಕೊಡಬೇಕು. ಬಂದದ್ದು ತಪ್ಪು ಬ್ಯಾಟರಿಯಾದರೆ ರೊಕ್ಕದ ಜತೆ ದಿನವೂ ಹೋಯಿತು. ಅದೇ ದಿನ ಹೆಸ್ಕಾಂನವರು ದುರಸ್ತಿಗೆಂದು ಕರೆಂಟು ತೆಗೆದರೆ ಗ್ರಾಮ ಒನ್ ಕೇಂದ್ರದ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ, ಹತ್ತಿ ವ್ಯಾಪಾರಿಯ ಲೆಕ್ಕ ಸೇವ್ ಆಗದೇ ಹಾರಿಹೋಗುತ್ತದೆ. ಸರಿಯಾದ ಬ್ಯಾಟರಿ ಹುಡುಕಲು ದೊಡ್ಡ ವಿದ್ಯೆಯೇನೂ ಬೇಡ. ರೊಕ್ಕ ಕೊಡುವ ಮುಂಚೆ ಕೆಲವು ನಿಮಿಷ ಲೇಬಲ್ ಓದುವ ತಾಳ್ಮೆ ಇದ್ದರೆ ಸಾಕು.

1. ಬ್ಯಾಟರಿಯನ್ನು ದೂರುವ ಮುನ್ನ ಚಾರ್ಜರ್ ನೋಡಿ

ಚಾರ್ಜರ್ ತೆಗೆದ ಕೂಡಲೇ ಲ್ಯಾಪ್‌ಟಾಪ್ ಆಫ್ ಆದರೆ ಸಂಶಯ ಬ್ಯಾಟರಿಯ ಮೇಲೆ. ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ಚಾರ್ಜ್ ಏರುವುದಿಲ್ಲ ಎಂದಾದರೆ ತಪ್ಪು ಚಾರ್ಜರಿನದೂ ಇರಬಹುದು. ಡೆಲ್ ಮತ್ತು ಎಚ್‌ಪಿಯ ದುಂಡನೆಯ ಪಿನ್ನಿನೊಳಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ‘ಇದು ನಮ್ಮ ಚಾರ್ಜರ್’ ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಮುರಿದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ಆಗದು. ಪರಿಚಯದವರ ಹತ್ತಿರ ಅದೇ ಮಾದರಿಯ ಚಾರ್ಜರ್ ಇಸಿದುಕೊಂಡು ಪರೀಕ್ಷಿಸಿ. ಲೆನೊವೊದಲ್ಲಿ ಚಾರ್ಜ್ 60 ಅಥವಾ 80ಕ್ಕೆ ಬಂದು ನಿಂತರೆ ಅದು ಕಾಯಿಲೆಯಲ್ಲ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆನ್ ಆಗಿರುತ್ತದೆ, ಅಷ್ಟೇ.

2. ವಿಂಡೋಸ್ ಬಳಿಯೇ ವರದಿ ಕೇಳಿ

ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ‘ಪವರ್’ ಬರೆದು, ಅದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಹಾಕಿ. ಒಂದು ಸ್ಪೇಸ್ ಬಿಟ್ಟು ಓರೆಗೆರೆ (/) ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ವರದಿ ಯಾವ ಫೋಲ್ಡರಿನಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು 41,000, ಎರಡನೆಯದು 16,400 ಎಂದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವ ಕಸುವು ಶೇ 40. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಹೊಸದರ ಯೋಚನೆ ಮಾಡಿ. ಶೇ 75ರ ಮೇಲಿದ್ದೂ ಬೇಗ ಖಾಲಿಯಾಗುತ್ತಿದ್ದರೆ ಹಿಂದೆ ಯಾವುದೋ ಪ್ರೋಗ್ರಾಂ ಸುಮ್ಮನೆ ಓಡುತ್ತಿದೆಯೇ ಎಂದು ಮೊದಲು ನೋಡಿ.

3. ಉಬ್ಬಿದ್ದರೆ ಆ ಕ್ಷಣವೇ ನಿಲ್ಲಿಸಿ

ಟಚ್‌ಪ್ಯಾಡ್ ಮೇಲೆದ್ದಿದೆ, ತಳದ ಮುಚ್ಚಳ ಬಾಯಿಬಿಟ್ಟಿದೆ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ. ಇವೆಲ್ಲ ಬ್ಯಾಟರಿ ಉಬ್ಬಿದ ಗುರುತುಗಳು. ಆಫ್ ಮಾಡಿ, ಚಾರ್ಜರ್ ಕಿತ್ತು ಬದಿಗಿಡಿ. ಒತ್ತಿ ಸಪಾಟು ಮಾಡುವುದು, ಚುಚ್ಚಿ ಗಾಳಿ ಬಿಡುವುದು ಬೇಡವೇ ಬೇಡ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಚ್ಚುವ ಕೆಲಸ ತಿಳಿದವರಿಗೇ ಬಿಡಿ.

4. ಲ್ಯಾಪ್‌ಟಾಪಿನ ಹೆಸರೇ ಬ್ಯಾಟರಿಯ ಹೆಸರಲ್ಲ

“ಅಣ್ಣಾರ, ಎಚ್‌ಪಿ ಹದಿನೈದು ಇಂಚಿಂದು ಬ್ಯಾಟರಿ ಐತೇನ್ರಿ?”

“ಐತ್ರಿ ಸರ. ಆದ್ರ ಅದರಾಗ ಯಾವುದು ಕೊಡ್ಲಿ? ಹಳೇ ಬ್ಯಾಟರಿ ಫೋಟೊ ಹೊಡಕೊಂಡು ಬಂದೀರೇನು?”

ಅಂಗಡಿಯವರ ಮರುಪ್ರಶ್ನೆ ಸರಿಯಾದದ್ದೇ. ‘ಎಚ್‌ಪಿ 15’ ಎಂಬ ಒಂದೇ ಹೆಸರಿನಡಿ 15-ಬಿಎಸ್ ಸರಣಿಗೆ ಜೆಸಿ03 ಅಥವಾ ಜೆಸಿ04 ಬ್ಯಾಟರಿ ಬರುತ್ತದೆ, 15-ಡಿಎ ಸರಣಿಗೆ ಎಚ್‌ಟಿ03ಎಕ್ಸ್‌ಎಲ್. ಜೆಸಿ ಬ್ಯಾಟರಿಗಳಿಗೂ ಎಚ್‌ಟಿ03ಎಕ್ಸ್‌ಎಲ್‌ಗೂ ಆಕಾರ, ವೋಲ್ಟ್, ಕನೆಕ್ಟರ್ ಎಲ್ಲ ಬೇರೆ ಬೇರೆ. ಹೊಲ ಕೊಳ್ಳುವವರು ಊರಿನ ಹೆಸರು ಕೇಳಿ ರೊಕ್ಕ ಎಣಿಸುವುದಿಲ್ಲ, ಸರ್ವೆ ನಂಬರ್ ಕೇಳುತ್ತಾರೆ. ಬ್ಯಾಟರಿಗೂ ಅದೇ ಲೆಕ್ಕ.

5. ಲೇಬಲ್ಲಿನ ಪೂರ್ತಿ ಫೋಟೊ ತೆಗೆಯಿರಿ

ಹಳೆಯ ಲ್ಯಾಪ್‌ಟಾಪುಗಳಲ್ಲಿ ತಳದ ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಹೊಸವುಗಳಲ್ಲಿ ತಳದ ಸ್ಕ್ರೂ ಬಿಚ್ಚಬೇಕು. ರಿಪೇರಿಯವರಿಂದ ಒಮ್ಮೆ ಬಿಚ್ಚಿಸಿ, ಲೇಬಲ್ಲಿನ ನಾಲ್ಕೂ ಮೂಲೆ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಅಲ್ಲಿ ಒಂದಲ್ಲ, ಮೂರ್ನಾಲ್ಕು ನಂಬರ್ ಇರುತ್ತವೆ. ಎಚ್‌ಪಿಯಲ್ಲಿ ಎಚ್‌ಟಿ03ಎಕ್ಸ್‌ಎಲ್‌ನಂಥ ಮಾದರಿ ಹೆಸರು, ‘ಎಚ್‌ಎಸ್‌ಟಿಎನ್‌ಎನ್’ ಎಂದು ಶುರುವಾಗುವ ಇನ್ನೊಂದು, ಸ್ಪೇರ್ ನಂಬರ್ ಮಗದೊಂದು. ಡೆಲ್‌ನಲ್ಲಿ ‘ಟೈಪ್’ ಎಂಬುದರ ಮುಂದಿನ ಐದಕ್ಷರ. ಲೆನೊವೊದಲ್ಲಿ ಎಲ್16, ಎಲ್17 ಎಂದು ಶುರುವಾಗುವ ನಂಬರ್. ಕೈಯಿಂದ ಬರೆದುಕೊಳ್ಳುವಾಗ ಸೊನ್ನೆ ಮತ್ತು ಇಂಗ್ಲಿಷಿನ ಓ ಅದಲುಬದಲಾಗುವುದೇ ಹೆಚ್ಚು. ಡೆಲ್‌ನ ಡಬ್ಲ್ಯುಡಿಎಕ್ಸ್0ಆರ್‌ನಲ್ಲಿ ಇರುವುದು ಸೊನ್ನೆ. ಅದಕ್ಕೇ ಬರೆದುಕೊಂಡ ಚೀಟಿಗಿಂತ ಫೋಟೊ ವಾಸಿ.

6. ಬಿಚ್ಚಲಾಗದಿದ್ದರೆ ಸರ್ವಿಸ್ ಟ್ಯಾಗ್ ಹಿಡಿಯಿರಿ

ಡೆಲ್‌ನ ತಳದಲ್ಲಿ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್ ಇರುತ್ತದೆ. ಎಚ್‌ಪಿ, ಲೆನೊವೊಗಳಲ್ಲಿ ಸೀರಿಯಲ್ ನಂಬರ್. ಅದನ್ನು ಆಯಾ ಕಂಪನಿಯ ಸಪೋರ್ಟ್ ತಾಣದಲ್ಲಿ ಹಾಕಿದರೆ ನಿಮ್ಮ ಲ್ಯಾಪ್‌ಟಾಪಿನ ವಿವರ ತೆರೆದುಕೊಳ್ಳುತ್ತದೆ. ಎರಡನೇ ಸೂತ್ರದ ವರದಿಯಲ್ಲೂ ಕೆಲವು ಡೆಲ್‌ಗಳು ಬ್ಯಾಟರಿಯ ಹೆಸರು ತೋರಿಸುತ್ತವೆ. ಆದರೆ ಒಂದು ಎಚ್ಚರಿಕೆ. ಒಂದೇ ಮಾದರಿಯ ಲ್ಯಾಪ್‌ಟಾಪ್ ಎರಡು ಅಳತೆಯ ಬ್ಯಾಟರಿಗಳಲ್ಲಿ ಬರುವುದುಂಟು. ಹಾರ್ಡ್ ಡಿಸ್ಕ್ ಇದ್ದರೆ ಚಿಕ್ಕದು, ಇಲ್ಲದಿದ್ದರೆ ಆ ಜಾಗವನ್ನೂ ಸೇರಿಸಿಕೊಂಡ ದೊಡ್ಡದು. ಸರ್ಕಾರಿ ಪದವಿ ಕಾಲೇಜಿನಲ್ಲಿ ಸಿಕ್ಕ ಉಚಿತ ಲ್ಯಾಪ್‌ಟಾಪ್ ಆಗಿದ್ದರೆ ಅದೇ ವರ್ಷದ ಗೆಳೆಯರು ಯಾವ ನಂಬರ್ ಹಾಕಿಸಿದರು ಎಂದು ಕೇಳಿ. ದಾರಿ ಸಲೀಸಾಗುತ್ತದೆ. ಆದರೂ ಕೊನೆಯ ಮಾತು ನಿಮ್ಮ ಬ್ಯಾಟರಿಯ ಲೇಬಲ್ಲಿನದೇ.

7. ವೋಲ್ಟ್ ವಿಷಯದಲ್ಲಿ ರಾಜಿ ಬೇಡ

ಲಿಥಿಯಂ ಸೆಲ್ ಒಂದಕ್ಕೆ ಸುಮಾರು 3.6ರಿಂದ 3.85 ವೋಲ್ಟ್. ಎರಡು ಸೆಲ್ ಸಾಲಾಗಿ ಜೋಡಿಸಿದರೆ 7.2ರಿಂದ 7.7, ಮೂರಾದರೆ 10.8ರಿಂದ 11.55, ನಾಲ್ಕಾದರೆ 14.4ರಿಂದ 15.4. ಮೂರು ಸೆಲ್ಲಿನ ಜಾಗಕ್ಕೆ ನಾಲ್ಕು ಸೆಲ್ಲಿನದು ನಡೆಯದು. 10.8 ಮತ್ತು 11.1 ಎಂದು ಬರೆದವು ಸಾಮಾನ್ಯವಾಗಿ ಒಂದೇ ಜಾತಿ, ಬರೆಯುವ ರೂಢಿ ಮಾತ್ರ ಬೇರೆ. ಆದರೆ 11.1 ಮತ್ತು 11.4 ಹಾಗಲ್ಲ. 11.4ರಲ್ಲಿರುವುದು ಹೆಚ್ಚಿನ ವೋಲ್ಟಿಗೆ ಚಾರ್ಜ್ ಆಗುವ ಸೆಲ್. “ಪಾಯಿಂಟಿನ ಮುಂದಿನ ಅಂಕಿಗೆ ಏನಾಗ್ತದ್ರಿ” ಎಂದು ಯಾರಾದರೂ ಅಂದರೆ ನಕ್ಕು ಸುಮ್ಮನಾಗಿ, ಲೇಬಲ್ಲಿನಲ್ಲಿ ಇದ್ದದ್ದನ್ನೇ ಕೇಳಿ.

8. ಎಂಎಎಚ್ ಅಲ್ಲ, ವ್ಯಾಟ್-ಅವರ್ ನೋಡಿ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎಂಎಎಚ್ ಅಂಕಿ ಇರುತ್ತದೆ. ಅದೊಂದನ್ನೇ ನೋಡಿದರೆ ಮೋಸ. ಲೆಕ್ಕ ಹಾಕಿ ನೋಡಿ: 14.8 ವೋಲ್ಟಿನ 2700 ಎಂಎಎಚ್ ಬ್ಯಾಟರಿ ಅಂದರೆ 14.8 × 2.7, ಸುಮಾರು 40 ವ್ಯಾಟ್-ಅವರ್. 11.4 ವೋಲ್ಟಿನ 3500 ಎಂಎಎಚ್ ಅಂದರೆ 11.4 × 3.5, ಅದೂ ಸುಮಾರು 40. ಅಂಕಿ ಬೇರೆ, ಒಳಗಿನ ಶಕ್ತಿ ಒಂದೇ. ಹಳೆಯದರ ವ್ಯಾಟ್-ಅವರ್‌ಗೆ ಹತ್ತಿರ ಇರುವುದನ್ನೇ ಕೊಳ್ಳಿ. ಅದೇ ಗಾತ್ರ, ಅದೇ ತೂಕದಲ್ಲಿ ‘ಡಬಲ್ ಬ್ಯಾಕಪ್’ ಎಂದು ಬರೆದಿದ್ದರೆ ಆ ಪೆಟ್ಟಿಗೆಯನ್ನು ಕೆಳಗಿಡಿ.

9. ಒರಿಜಿನಲ್ಲೋ, ಕಂಪ್ಯಾಟಿಬಲ್ಲೋ: ಗುರುತು ನೋಡಿ ತೀರ್ಮಾನಿಸಿ

ಕಂಪ್ಯಾಟಿಬಲ್ ಅಂದರೆ ಬೇರೆ ಕಂಪನಿ ಅದೇ ಅಳತೆಗೆ ಮಾಡಿದ ಬ್ಯಾಟರಿ. ಅದರಲ್ಲೂ ಒಳ್ಳೆಯವಿವೆ, ನಾಚುವಂಥದ್ದೇನಿಲ್ಲ. ಕಂಪ್ಯಾಟಿಬಲ್ ಬ್ಯಾಟರಿಗೆ ಒರಿಜಿನಲ್ ಎಂಬ ಸ್ಟಿಕ್ಕರ್ ಅಂಟಿಸಿ ಮಾರುವುದು ಮಾತ್ರ ಮೋಸ. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ, ಅದರ ಮಾನಕ ಐಎಸ್ 16046. ಲೇಬಲ್ಲಿನಲ್ಲಿ ‘ಆರ್’ ಅಕ್ಷರ, ಅಡ್ಡಗೆರೆ, ಮುಂದೆ ಎಂಟು ಅಂಕಿ ಇರುತ್ತವೆ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿ, ಯಾವ ಸಾಮಾನಿಗೆ ನೋಂದಣಿಯಾಗಿದೆ ಎಂದು ಅಂಗಡಿಯಲ್ಲಿ ನಿಂತೇ ತಿಳಿಯಬಹುದು. ಪೆಟ್ಟಿಗೆಯ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ತಿಂಗಳು-ವರ್ಷ ಇರಲೇಬೇಕು. ಬ್ಯಾಟರಿ ಬಳಸದೇ ಇಟ್ಟರೂ ಮುದಿಯಾಗುತ್ತದೆ. ಹಾಗಾಗಿ ತಯಾರಾಗಿ ವರ್ಷ ದಾಟಿದ ಸರಕು ಬೇಡ ಎನ್ನಿ. ಥಿಂಕ್‌ಪ್ಯಾಡ್ ಇದ್ದವರು ಇನ್ನೊಂದು ವಿಚಾರಿಸಬೇಕು. ಅದರ ಕೆಲವು ಮಾದರಿಗಳು ಕಂಪನಿಯದ್ದಲ್ಲದ ಬ್ಯಾಟರಿಯನ್ನು ಚಾರ್ಜೇ ಮಾಡುವುದಿಲ್ಲ.

10. ಬಸ್ ಹತ್ತುವ ಮುನ್ನ ವಾಟ್ಸ್‌ಆ್ಯಪ್ ಮಾಡಿ

ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ಇದೆ. ಅಲ್ಲಿನವರಿಗೆ ಧಾರವಾಡ ಹತ್ತಿರ, ಬೆಳಗಾವಿಯೂ ದೂರವಲ್ಲ. ಬೈಲಹೊಂಗಲದವರು ಬೆಳಗಾವಿ ಕಡೆ, ಸವದತ್ತಿಯವರು ಧಾರವಾಡದ ಕಡೆ ಹೋಗಬಹುದು. ರಾಮದುರ್ಗದಿಂದ ಹುಬ್ಬಳ್ಳಿಗೆ ಹೋಗಿ ಬರಲು ದಿನವೇ ಬೇಕು. ಎಲ್ಲಿಗೆ ಹೋಗುವುದಾದರೂ ಮೊದಲು ಎರಡು-ಮೂರು ಅಂಗಡಿಗೆ ಲೇಬಲ್ ಫೋಟೊ ಕಳಿಸಿ, ಅಂಗಡಿಯವರು ಕೊಡುವ ಬ್ಯಾಟರಿಯ ಲೇಬಲ್ ಫೋಟೊವನ್ನೂ ತರಿಸಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಕ್ರೂ ತೂತುಗಳ ಜಾಗ, ವೈರ್ ಯಾವ ಕಡೆಯಿಂದ ಹೊರಡುತ್ತದೆ, ಕನೆಕ್ಟರಿನಲ್ಲಿ ಎಷ್ಟು ಪಿನ್ ಇವೆ ಎಂದು ಹೋಲಿಸಿ. ಹೋಗುವಾಗ ಲ್ಯಾಪ್‌ಟಾಪ್, ಚಾರ್ಜರ್ ಎರಡೂ ಚೀಲದಲ್ಲಿರಲಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರಾಟಗಾರರ ಹೆಸರು, ತಯಾರಾದ ದೇಶ, ವಾಪಸು ಪಡೆಯುವ ಗಡುವು ಈ ಮೂರನ್ನು ಓದಿದ ಮೇಲೆಯೇ ಬಟನ್ ಒತ್ತಿ. ಊರಿನ ಅಂಗಡಿಯವರು ನೂರಿನ್ನೂರು ಹೆಚ್ಚು ಕೇಳಿದರೆ ಕೊಡಲು ಹಿಂಜರಿಯಬೇಡಿ. ಅಳವಡಿಸಿ ಕೊಡುವವರೂ, ಕೆಟ್ಟರೆ ಬದಲಿಸಿ ಕೊಡುವವರೂ ಅವರೇ.

11. ಬಿಲ್ ಇಲ್ಲದಿದ್ದರೆ ವಾರಂಟಿ ಬರೀ ಮಾತು

ಜಿಎಸ್‌ಟಿ ಬಿಲ್ ಕೇಳಿ. ಅದರಲ್ಲಿ ‘ಲ್ಯಾಪ್‌ಟಾಪ್ ಬ್ಯಾಟರಿ–1’ ಎಂದಷ್ಟೇ ಇದ್ದರೆ ಸಾಲದು. ಪಾರ್ಟ್ ನಂಬರ್, ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಎಂಬುದನ್ನು ಬರೆಸಿ. ಬ್ಯಾಟರಿ ಹಾಕಿದ ಮೇಲೆ ಅಂಗಡಿಯಲ್ಲೇ ಮತ್ತೊಮ್ಮೆ ಬ್ಯಾಟರಿ ವರದಿ ತೆಗೆಯಿರಿ. ಡಿಸೈನ್, ಫುಲ್ ಚಾರ್ಜ್ ಎರಡು ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಸೈಕಲ್ ಕೌಂಟ್ (ಎಷ್ಟು ಸುತ್ತು ಚಾರ್ಜ್ ಆಗಿದೆ ಎಂಬ ಲೆಕ್ಕ) ತೋರಿಸುವ ಲ್ಯಾಪ್‌ಟಾಪಾದರೆ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ನೂರಾರು ಇದ್ದರೆ ನಿಮಗೆ ಹೊಸದೆಂದು ಕೊಟ್ಟದ್ದು ಹಳೆಯದು. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಗ ಬಿಲ್ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

12. ಹೊಸದನ್ನು ಬಾಳಿಸಿ, ಹಳೆಯದನ್ನು ತಿಪ್ಪೆಗೆ ಹಾಕಬೇಡಿ

ಹೊಸ ಬ್ಯಾಟರಿಯಲ್ಲಿ ಚಾರ್ಜ್ ಕಡಿಮೆ ಇದ್ದರೆ ಗಾಬರಿ ಬೇಡ. ವಿಮಾನದಲ್ಲಿ ಬಿಡಿಯಾಗಿ ಸಾಗಿಸುವ ಲಿಥಿಯಂ ಬ್ಯಾಟರಿಯಲ್ಲಿ ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರಬಾರದೆಂಬ ನಿಯಮವೇ ಇದೆ. ಮೊದಲ ಸಲ ಎಂಟು ತಾಸು ಚಾರ್ಜಿಗೆ ಇಡಬೇಕೆಂಬುದು ಹಳೆಯ ನಿಕಲ್ ಬ್ಯಾಟರಿಗಳ ಕಾಲದ ಮಾತು. ದಿನವಿಡೀ ಚಾರ್ಜರ್ ಹಾಕಿಯೇ ಕೆಲಸ ಮಾಡುವವರು ಶೇ 80ಕ್ಕೆ ನಿಲ್ಲುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ. ಬ್ಯಾಟರಿಗೆ ಬಿಸಿಲೇ ಶತ್ರು. ಏಪ್ರಿಲ್–ಮೇ ತಿಂಗಳಲ್ಲಿ ಸವದತ್ತಿ ಗುಡ್ಡಕ್ಕೆ ಹೋದಾಗ ಕಾರಿನೊಳಗೆ ಲ್ಯಾಪ್‌ಟಾಪ್ ಬಿಟ್ಟು ಯಲ್ಲಮ್ಮನ ದರ್ಶನದ ಸರದಿಯಲ್ಲಿ ನಿಲ್ಲಬೇಡಿ. ಹಾಸಿಗೆಯ ಮೇಲಿಟ್ಟು ಗಾಳಿ ಹೋಗುವ ಜಾಗ ಮುಚ್ಚಬೇಡಿ. ಹಳೆಯ ಬ್ಯಾಟರಿಯ ಪಿನ್ನುಗಳಿಗೆ ಟೇಪ್ ಸುತ್ತಿ ಅಂಗಡಿಗೋ ಸರ್ವಿಸ್ ಸೆಂಟರಿಗೋ ಮರಳಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದ ಜತೆ ಸೇರಿಸುವಂತಿಲ್ಲ.

ಕೊಳ್ಳುವ ಮುನ್ನ ಕೊನೆಯ ಲೆಕ್ಕ

ಲ್ಯಾಪ್‌ಟಾಪ್ ಎಂಟು-ಹತ್ತು ವರ್ಷದ್ದಾಗಿದ್ದರೆ ಬ್ಯಾಟರಿಗೆ ರೊಕ್ಕ ಸುರಿಯುವ ಮುನ್ನ ಒಮ್ಮೆ ಯೋಚಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲಾಗದ ಯಂತ್ರ, ಅದೂ ಮೇಜಿನ ಮೇಲಿಂದ ಕದಲದ್ದು ಎಂದಾದರೆ ಒಂದು ಇನ್ವರ್ಟರೇ ಸಾಕಾಗಬಹುದು. ಕೊಳ್ಳುವುದೇ ನಿಕ್ಕಿಯಾದರೆ ಫೋನಿನಲ್ಲಿ ಈ ನಾಲ್ಕು ಇರಲಿ: ಬ್ಯಾಟರಿಯ ಪಾರ್ಟ್ ನಂಬರ್, ವೋಲ್ಟ್, ವ್ಯಾಟ್-ಅವರ್, ಲೇಬಲ್ ಮತ್ತು ಕನೆಕ್ಟರಿನ ಫೋಟೊ. ಈ ನಾಲ್ಕಕ್ಕೂ ಅಂಗಡಿಯವರು ‘ಹೌದ್ರಿ, ಅದೇ ಐತಿ’ ಅಂದ ಮೇಲೆಯೇ ಮುಂಗಡ ಕೊಡಿ.